ಇಪ್ಪತ್ಮೂರನೇ ನಂಬರಿನ ರೋಜಾ

ಲಿಂಗಸುಗೂರು
5-9-2024, ಗುರುವಾರ

ಅರ್ಜುಮಂದ್,

ಸೋಮವಾರದಿಂದ ನಾನು ನಿನ್ನ ಮೇಲಿನವಳು. ನಗಬೇಡ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಮೂರು ತಿಂಗಳ ಗರ್ಭನಿರೋಧಕ ಸೂಜಿಯ ಲೆಕ್ಕ ನೋಡುವ ಕೆಲಸ ನಮ್ಮ ಸಂಸ್ಥೆಗೆ ಸಿಕ್ಕಿದೆ, ಸಂಸ್ಥೆ ಅದನ್ನು ನನಗೆ ಕೊಟ್ಟಿದೆ. ಒಂದು ಟೇಬಲ್, ಒಂದು ಕಂಪ್ಯೂಟರ್, ತಿರುಗದ ಒಂದು ಫ್ಯಾನ್. ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ರೆಕಾರ್ಡ್ ಪುಸ್ತಕವನ್ನೆಲ್ಲ ನೀನೇ ಬರೆದುಕೊಟ್ಟಿದ್ದನ್ನು ಇಲ್ಲಿ ಯಾರಿಗೂ ಹೇಳಿಲ್ಲ.

ಫೋನ್ ಬೇಡ, ಕಾಗದ ಬರೆ ಎಂಬ ನಿನ್ನ ಷರತ್ತಿಗೆ ಒಪ್ಪಿದ್ದೇನೆ. ನಮ್ಮ ವಾಟ್ಸಪ್ ಗುಂಪಿಗೆ ಹಾಕಿದ್ದು ಸಂಜೆಯೊಳಗೆ ಊರಿನ ಚಹಾದಂಗಡಿಗೆ ತಲುಪುತ್ತದೆ ಎಂದು ನೀನು ಹೇಳಿದ್ದು ಸುಳ್ಳಲ್ಲ. ಗುರುವಾರ ಲಸಿಕೆ ಪೆಟ್ಟಿಗೆ ತರುವ ಜೀಪಿನ ದುರುಗೇಶನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಈಗ ಕೆಲಸ. ಆಗಸ್ಟ್ ಕೊನೆಗೆ ನಿನ್ನ ಉಪಕೇಂದ್ರದಲ್ಲಿ ಮೂವತ್ತನಾಲ್ಕು ಹೆಂಗಸರು ಮೊದಲ ಸೂಜಿ ತೆಗೆದುಕೊಂಡಿದ್ದಾರೆ. ಮೂರೂ ತಾಲ್ಲೂಕಿಗೆ ನೀನೇ ಮುಂದೆ. ಆದರೆ ಹತ್ತೊಂಬತ್ತು ಜನರ ಎದುರು ಹೆಸರು, ವಯಸ್ಸು ಬಿಟ್ಟರೆ ಏನೂ ಇಲ್ಲ. ಗಂಡನ ಹೆಸರಿಲ್ಲ, ಫೋನ್ ನಂಬರ್ ಇಲ್ಲ. ಮುಂದಿನ ಸೂಜಿಯ ದಿನ ನೆನಪು ಮಾಡುವುದು ಹೇಗೆ? ಬೇಗ ತುಂಬಿ ಕಳಿಸು.

ನಿನ್ನ
ಭಾರತಿ


ಪಾಮನಕಲ್ಲೂರು
19-9-2024

ಭಾರತಿ,

ಮೇಲಿನವಳಾದದ್ದು ಸಂತೋಷ. ಮೊದಲು ಫ್ಯಾನ್ ರಿಪೇರಿ ಮಾಡಿಸಿಕೋ.

ಆ ಹತ್ತೊಂಬತ್ತು ಮನೆಗಳಲ್ಲಿ ಫೋನ್ ಇಲ್ಲವೆಂದಲ್ಲ. ಇದೆ, ಗಂಡನ ಜೇಬಿನಲ್ಲಿದೆ. ಅದಕ್ಕೇ ಬರೆದುಕೊಂಡಿಲ್ಲ. ನಾನು ಮಾಡುವ ಕ್ರಮ ಹೀಗಿದೆ. ಗುರುವಾರ ಮಕ್ಕಳ ಲಸಿಕೆ. ಮಗುವನ್ನು ಎತ್ತಿಕೊಂಡು ಬಂದ ತಾಯಿಯನ್ನು ಯಾಕೆ ಹೋದೆ ಎಂದು ಯಾರೂ ಕೇಳುವುದಿಲ್ಲ. ಮಗುವಿಗೆ ಹೊರಗೆ, ತಾಯಿಗೆ ಪರದೆಯ ಹಿಂದೆ. ಅವಳ ಚೀಟಿ ನನ್ನ ಬೀರುವಿನಲ್ಲಿ ಇರುತ್ತದೆ, ಮನೆಗೆ ಹೋಗುವುದಿಲ್ಲ. ಮುಂದಿನ ಸೂಜಿ ಹದಿಮೂರು ಗುರುವಾರಕ್ಕೆ. ಆ ದಿನವನ್ನು ಮಗುವಿನ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಆಶಾ ಕಾರ್ಯಕರ್ತೆ ಮುದುಕಮ್ಮ ನೀರಿಗೆ ಹೋದಾಗ ಒಂದು ಮಾತು ಕಿವಿಗೆ ಹಾಕಿ ಬರುತ್ತಾಳೆ. ಇಷ್ಟರ ಮೇಲೆ ನಡೆಯುತ್ತಿದೆ.

ಒಂದು ಉದಾಹರಣೆ ಹೇಳುತ್ತೇನೆ. ನಂಬರ್ 23. ಇಪ್ಪತ್ತೈದು ವರ್ಷ, ಮೂರು ಹೆಣ್ಣುಮಕ್ಕಳು. ಕೊನೆಯ ಎರಡು ಹೆರಿಗೆ ಆಪರೇಷನ್. ಮೂರನೆಯದಕ್ಕೆ ನಾಲ್ಕು ಬಾಟಲಿ ರಕ್ತ ಹಾಕಿದರು. ಇನ್ನೊಂದು ಬಸಿರು ಜೀವಕ್ಕೆ ಕುತ್ತು, ಸಂತಾನಹರಣ ಆಪರೇಷನ್ ಮಾಡಿಸಿ ಎಂದು ಡಾಕ್ಟರ್ ಮನೆಯವರನ್ನು ಕೂಡಿಸಿಕೊಂಡು ಹೇಳಿದರು. ಅತ್ತೆ ಒಪ್ಪಲಿಲ್ಲ. ಗಂಡ ಒಳ್ಳೆಯವನು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಯಾವ ಮಾತನ್ನೂ ತಾಯಿಗೆ ಹೇಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ, ಅಷ್ಟೇ. ಆಗಸ್ಟ್ 22ಕ್ಕೆ ಆಕೆಯ ಮೊದಲ ಸೂಜಿ ಆಯಿತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ನಿಲ್ಲುತ್ತದೆ.

ಆದ್ದರಿಂದ ನಂಬರ್ ಕೇಳಬೇಡ.

ಅರ್ಜುಮಂದ್


ಲಿಂಗಸುಗೂರು
28-11-2024

ಅರ್ಜು,

ಮಂಗಳವಾರ ಸಿಂಧನೂರಿನಲ್ಲಿ ಮೀಟಿಂಗ್ ಇತ್ತು. ನಿನ್ನ ಮೂವತ್ತನಾಲ್ಕರಲ್ಲಿ ಎರಡನೇ ಸೂಜಿಗೆ ಇಪ್ಪತ್ತಾರು ಜನ ಬಂದಿದ್ದಾರೆ ಎಂದು ಎದೆ ಉಬ್ಬಿಸಿ ಹೇಳಿದೆ. ಜಿಲ್ಲೆಯಿಂದ ಬಂದವರು ಪರದೆಯ ಮೇಲೆ ಪಟ್ಟಿ ಹಾಕಿ, ಫೋನ್ ನಂಬರ್ ಇಲ್ಲದ ಹೆಸರು ಖಾತ್ರಿಯಾಗದ ಹೆಸರು, ಅದನ್ನು ಎಣಿಸುವುದಿಲ್ಲ ಎಂದರು. ಇಪ್ಪತ್ತಾರು ಹನ್ನೊಂದಾಯಿತು. ಎಲ್ಲರೆದುರು ನಿಂತುಕೊಂಡಿದ್ದೆ. ನನ್ನ ಕೆಲಸದ ಕರಾರು ಮಾರ್ಚ್ ತನಕ ಮಾತ್ರ ಎಂಬುದು ನಿನಗೆ ಗೊತ್ತು.

ವಾಪಸ್ ಬರುವಾಗ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋಗಿದ್ದೆ. ಅಲ್ಲಿಯ ಹೆಂಗಸರು ಗಂಡನ ಬೈಕಿನ ಮೇಲೆ ಬಂದು ಸೂಜಿ ಹಾಕಿಸಿಕೊಳ್ಳುತ್ತಾರೆ, ಗಂಡನೇ ನಂಬರ್ ಬರೆಸುತ್ತಾನೆ. ನಿಮ್ಮೂರಿನ ಗಂಡಸರಿಗೆ ನೀನು ವಿನಾಕಾರಣ ಹೆದರುತ್ತಿದ್ದೀಯೇನೋ ಎಂದು ಅನುಮಾನ. ಒಮ್ಮೆ ಕೇಳಿ ನೋಡಿದರೆ ಒಪ್ಪಬಹುದು.

ಮುಟ್ಟು ನಿಂತಿತೆಂದು ಹೆದರುವವರಿಗೆ ಹೇಳು: ಈ ಸೂಜಿಗೆ ಅದು ಸಹಜ, ರಕ್ತ ಹೊಟ್ಟೆಯಲ್ಲಿ ಕಟ್ಟುವುದಿಲ್ಲ. ರಕ್ತ ಕಡಿಮೆ ಇರುವವರಿಗೆ ಅದೇ ಲಾಭ. ನಂಬರ್ 23ರಂಥವಳಿಗಂತೂ.

ನಂಬರಿನ ವಿಷಯ ನಾನೇ ಏನಾದರೂ ಮಾಡುತ್ತೇನೆ. ತಲೆ ಕೆಡಿಸಿಕೊಳ್ಳಬೇಡ.

ಭಾರತಿ


ಪಾಮನಕಲ್ಲೂರು
20-2-2025

ಭಾರತಿ,

ನವೆಂಬರಿನಿಂದ ನೀನು ನಂಬರ್ ಕೇಳಿಲ್ಲ. ಮೇಲಿನವರಿಗೆ ಏನು ಹೇಳಿ ಸುಮ್ಮನಾಗಿಸಿದೆಯೋ, ದೊಡ್ಡ ಉಪಕಾರವಾಯಿತು.

ಇವತ್ತು 23ಕ್ಕೆ ಮೂರನೇ ಸೂಜಿ ಕೊಟ್ಟೆ. ಮುಂದಿನದು ಮೇ 22. ಡಿಸೆಂಬರಿನಿಂದ ಆಕೆಗೆ ಮುಟ್ಟು ಪೂರ್ತಿ ನಿಂತಿದೆ. ಅದು ಲಾಭ ಎಂದು ನೀನು ಬರೆದಿದ್ದೆ. ಡಾಕ್ಟರೂ ಅದನ್ನೇ ಹೇಳುತ್ತಾರೆ. ಆದರೆ ಮುಂದಿನ ವಾರ ಕಳೆದರೆ ರಂಜಾನ್.

ಇದು ನಿನಗೆ ಗೊತ್ತಿರಲಿಕ್ಕಿಲ್ಲ. ನಿನಗೆ ಗೊತ್ತಿರುವ ರಂಜಾನ್ ಎಂದರೆ ಹಾಸ್ಟೆಲಿನಲ್ಲಿ ನನ್ನ ಸಮೋಸ ಕಸಿದು ತಿಂದದ್ದು. ಮುಟ್ಟಿನ ದಿನಗಳಲ್ಲಿ ನಮ್ಮ ಹೆಂಗಸರು ನಮಾಜು ಮಾಡುವುದಿಲ್ಲ, ರೋಜಾದ ಉಪವಾಸ ಇರುವುದಿಲ್ಲ. ಅದನ್ನು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಬೆಳಗಿನ ಜಾವದ ಊಟಕ್ಕೆ ಏಳದ ಸೊಸೆಯನ್ನು ಅತ್ತೆ ಎಬ್ಬಿಸುವುದಿಲ್ಲ, ಮಧ್ಯಾಹ್ನಕ್ಕೆ ಒಂದು ತಟ್ಟೆ ಮುಚ್ಚಿಡುತ್ತಾಳೆ. ಬಿಟ್ಟ ರೋಜಾಗಳನ್ನು ಹಬ್ಬ ಮುಗಿದ ಮೇಲೆ ಒಂದೊಂದಾಗಿ ಹಿಡಿದು ತೀರಿಸಬೇಕು. ಹಾಗಾಗಿ ಯಾರದು ಎಷ್ಟು ಬಿಟ್ಟಿದೆ ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತು. ವರ್ಷದ ಉಳಿದ ಹನ್ನೊಂದು ತಿಂಗಳು ಮುಚ್ಚಿಡಬಹುದು. ಈ ತಿಂಗಳು ಆಗುವುದಿಲ್ಲ. ಮೂವತ್ತೂ ರೋಜಾ ಹಿಡಿದ ಸೊಸೆ ಬಸುರಿ ಇರಬೇಕೆಂದು ಅತ್ತೆ ಮೊದಲು ಖುಷಿಪಡುತ್ತಾಳೆ. ಹೊಟ್ಟೆ ಬರದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ.

ಏನು ಮಾಡಲಿ ಎಂದು ಆಕೆ ಕೇಳಿದಳು. ನಾನು ಏನೋ ಒಂದು ಹೇಳಿ ಕಳಿಸಿದ್ದೇನೆ. ಈ ತಿಂಗಳು ದಾಟಿದರೆ ಸಾಕು.

ಅರ್ಜುಮಂದ್


ಲಿಂಗಸುಗೂರು
13-3-2025

ಅರ್ಜು, ಕಳ್ಳಿ!

ನಂಬರ್ 23 ನಿನ್ನ ತಮ್ಮನ ಹೆಂಡತಿ ಎಂದು ಯಾಕೆ ಹೇಳಲಿಲ್ಲ? ಹೆರಿಗೆಯ ದಾಖಲೆ ತೆಗೆದು ನಿನ್ನ ಹತ್ತೊಂಬತ್ತು ಖಾಲಿ ಜಾಗಗಳನ್ನು ನಾನೇ ತುಂಬುತ್ತಿದ್ದೆ. ಮಹೆಕ್, ಗಂಡ ಆಸೀಮ್, ಪಾಮನಕಲ್ಲೂರು. ಗಂಡ ತೀರಿದ ಮೇಲೆ ನೀನು ವಾಪಸ್ ಬಂದ ಅದೇ ಮನೆ. ಅತ್ತೆ, ಗೊತ್ತಾಗಬಾರದು, ಹೆದರಿಕೆ ಎಂದೆಲ್ಲ ನೀನು ಬರೆದದ್ದು ನಿನ್ನ ಮನೆಯ ವಿಷಯ ಎಂದು ತಿಳಿಯದಿರಲಿ ಅಂತ ತಾನೆ? ಸಿಸ್ಟರ್ ಇರುವ ಮನೆಯಲ್ಲಿ ಇಂಥದ್ದು ಕದ್ದು ನಡೆಯುತ್ತದೆಯೇ? ನೀನು ಸಂಕೋಚದವಳು, ಅಷ್ಟೇ.

ನನಗೆ ಇದು ಎಷ್ಟು ದೊಡ್ಡ ಸಹಾಯ ಗೊತ್ತೇ? ಮಹಿಳಾ ದಿನದ ವರದಿಗೆ ಸೂಜಿಯಿಂದ ಸುಖವಾಗಿರುವ ಒಂದು ಜೋಡಿ ಬೇಕಿತ್ತು. ಸಿಸ್ಟರ್ ಮನೆಯವರೇ ತೆಗೆದುಕೊಂಡಿದ್ದಾರೆ ಎಂದರೆ ಊರು ನಂಬುತ್ತದೆ. ಮಂಗಳವಾರ ಮಧ್ಯಾಹ್ನ ಆಸೀಮನಿಗೆ ನಾನೇ ಫೋನ್ ಮಾಡಿದೆ. ಮಸ್ಕಿಯ ಪಂಪ್‌ಸೆಟ್ ಅಂಗಡಿಯಲ್ಲಿದ್ದ. ಹೆಂಡತಿ ಆರೋಗ್ಯದ ಮೇಲೆ ಇಷ್ಟು ಕಾಳಜಿ ಮಾಡಿದ್ದಕ್ಕೆ ಅಭಿನಂದನೆ ಹೇಳಿದೆ. ಮೂರು ಸೂಜಿ ತಪ್ಪದೆ ಆಗಿವೆ, ಡಿಸೆಂಬರಿನಿಂದ ಮುಟ್ಟು ನಿಂತಿರುವುದಕ್ಕೆ ಹೆದರಬೇಡಿ, ಸೂಜಿಯಿಂದ ಹಾಗಾಗುತ್ತದೆ ಎಂದೂ ಬಿಡಿಸಿ ಹೇಳಿದೆ. ಎಂಥ ಸಂಭಾವಿತ ಹುಡುಗ! ಪ್ರತಿ ಮಾತಿಗೂ "ಹೂಂ ರೀ ಮೇಡಂ" ಬಿಟ್ಟರೆ ಬೇರೆ ಮಾತಿಲ್ಲ. ಕೊನೆಗೆ "ಚಲೋ ಆತು ರೀ, ಹೇಳಿದ್ರಿ" ಎಂದ.

ಇಬ್ಬರ ಒಂದು ಫೋಟೊ ಕಳಿಸು. ತಾಯಿಯೂ ಜೊತೆಗೆ ಕೂತರೆ ಇನ್ನೂ ಒಳ್ಳೆಯದು.

ನಿನ್ನ
ಭಾರತಿ


ಲಿಂಗಸುಗೂರು
24-4-2025

ಅರ್ಜುಮಂದ್,

ಆರು ಗುರುವಾರ ದುರುಗೇಶ ಬರಿಗೈಯಲ್ಲಿ ಬಂದ. ಫೋಟೊ ಇಲ್ಲ, ಕಾಗದ ಇಲ್ಲ, ಫೋನ್ ಎತ್ತುವುದಿಲ್ಲ. ಹಬ್ಬಕ್ಕೆ ಶುಭಾಶಯ ಕಳಿಸಿದೆ, ನೋಡಿದ ಗುರುತು ಬಿದ್ದಿದೆ, ಉತ್ತರವಿಲ್ಲ.

ನನ್ನ ಕರಾರು ಇನ್ನೊಂದು ವರ್ಷ ಮುಂದುವರಿದಿದೆ. ನಿನ್ನ ಕೇಂದ್ರದ ಲೆಕ್ಕವೇ ಕಾರಣ ಎಂದು ಮೀಟಿಂಗಿನಲ್ಲಿ ಹೇಳಿದರು. ಆದರೆ ಈ ತಿಂಗಳು ನಿನ್ನಲ್ಲಿ ಸೂಜಿಗೆ ಬಂದವರು ನಾಲ್ಕು ಜನ. ಇಪ್ಪತ್ತಾರರಿಂದ ನಾಲ್ಕು. ಬಿಸಿಲು ಎಂದು ಬರೆಯಲೇ? ಏನಾಯಿತೆಂದು ನೀನು ಹೇಳದಿದ್ದರೆ ನಾನು ಯಾರಿಗೆ ಏನು ಉತ್ತರ ಕೊಡಲಿ?

ಭಾರತಿ


ಪಾಮನಕಲ್ಲೂರು
22-5-2025

ಭಾರತಿ,

ಇವತ್ತು ಮಹೆಕ್‌ಗೆ ನಾಲ್ಕನೇ ಸೂಜಿಯ ದಿನ. ಸಂಜೆ ನಾಲ್ಕರ ತನಕ ಕೂತಿದ್ದೆ. ಬರುವುದಿಲ್ಲವೆಂದು ಗೊತ್ತಿದ್ದೂ ಕೂತಿದ್ದೆ. ಈಗ ಬರೆಯುತ್ತೇನೆ.

ನಾನು ಆಕೆಗೆ ಫೆಬ್ರವರಿಯಲ್ಲಿ ಹೇಳಿ ಕಳಿಸಿದ್ದು ಇದು: ರಂಜಾನಿನ ಎಂಟನೇ ದಿನದಿಂದ ಐದು ದಿನ ಮುಟ್ಟಾದವಳಂತೆ ಇರು, ನಮಾಜು ಬಿಡು, ರೋಜಾ ಬಿಡು, ಮುಚ್ಚಿಟ್ಟ ತಟ್ಟೆಯಲ್ಲಿ ಊಟ ಮಾಡು. ಆಕೆ ಇದು ಗುನಾಹ್ ಅಲ್ಲವಾ, ಪಾಪ ಅಲ್ಲವಾ ಆಪಾ ಎಂದು ಎರಡು ಸಲ ಕೇಳಿದಳು. ಜೀವ ಉಳಿಸಿಕೊಳ್ಳೋದು ಮೊದಲು, ನಾನಿದೀನಿ ಎಂದೆ. ನನ್ನ ಭರವಸೆಯ ಮೇಲೆ ಆಕೆ ಮನಸ್ಸಿಲ್ಲದೆ ಒಪ್ಪಿದಳು.

ನೀನು ಫೋನ್ ಮಾಡಿದ್ದು ಆ ಐದು ದಿನಗಳಲ್ಲಿ ಮೂರನೇ ದಿನ.

ಆಸೀಮ್ ಅಂದು ಸಂಜೆ ಬೇಗ ಬಂದ. ದಿನದ ರೋಜಾ ಮುಗಿಸುವ ಹೊತ್ತಿಗೆ ಎಲ್ಲರೂ ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ ಕೂತಿದ್ದೆವು. ಮಹೆಕ್ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಜೋರು ಮಾಡಲಿಲ್ಲ. ಖರ್ಜೂರ ಕೈಯಲ್ಲೇ ಇತ್ತು.

"ಡಿಸೆಂಬರಿಂದ ನಿನಗ ಮುಟ್ಟ ಇಲ್ಲಂತ ಯಾರೋ ಮೇಡಂ ಫೋನ್ ಮಾಡಿ ಹೇಳ್ಯಾರ. ಮತ್ತ ಮೂರು ದಿನ ರೋಜಾ ಯಾಕ ಬಿಟ್ಟಿ?"

ಭಾರತಿ, ಅವನು ಸೂಜಿಯ ಮಾತು ಎತ್ತಲೇ ಇಲ್ಲ. ಅಮ್ಮನೂ ಎತ್ತಲಿಲ್ಲ. ಸೂಜಿ ಒಂದೇ ಆಗಿದ್ದರೆ ಎಂಟು ದಿನ ಮುಖ ತಿರುಗಿಸಿ, ಒಂಬತ್ತನೇ ದಿನ ಮಾತಾಡುತ್ತಿದ್ದರೇನೋ. ಡಾಕ್ಟರ್ ಹೇಳಿದ್ದನ್ನು ಅವರೂ ಕೇಳಿದವರೇ. ಆದರೆ ಮುಟ್ಟಿಲ್ಲದೆ ಮುಟ್ಟೆಂದು ಸುಳ್ಳು ಹೇಳಿ, ರಂಜಾನಿನಲ್ಲಿ ಹಗಲು ಅನ್ನ ತಿಂದ ಸೊಸೆಗೆ ನಮ್ಮ ಮನೆಯಲ್ಲಿ ಕ್ಷಮೆ ಇಲ್ಲ. ಆ ಮೂರು ದಿನದ ತಟ್ಟೆ ಮುಚ್ಚಿಟ್ಟವಳು ನಮ್ಮಮ್ಮ, ಹಸೀನಾಬೀ. ಸೊಸೆಗೆ ನಿಶ್ಶಕ್ತಿ ಎಂದು ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಇಟ್ಟಿದ್ದಳು.

ಇದನ್ನು ಯಾರು ಹೇಳಿಕೊಟ್ಟರು ಎಂದು ಅಮ್ಮ ಕೇಳಿದಳು. ನಾನು ಕಲ್ಲಂಗಡಿ ಹೋಳು ಮಾಡುತ್ತಿದ್ದೆ. ಮಾಡುತ್ತಲೇ ಇದ್ದೆ. ಮಹೆಕ್ ನನ್ನ ಕಡೆ ನೋಡಲಿಲ್ಲ.

"ಯಾರೂ ಇಲ್ಲ ರೀ. ನನ್ನ ಬುದ್ಧಿ," ಎಂದಳು.

ಸೂಜಿ ಯಾರು ಹಾಕಿದರು ಎಂಬ ಪ್ರಶ್ನೆ ಮರುದಿನ ಬಂತು. ಅದಕ್ಕೆ ನಾನು ಒಂದು ಉತ್ತರ ಕೊಟ್ಟೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬೇಕೆಂದೇ ಬಿಟ್ಟ ರೋಜಾಕ್ಕೆ ಪ್ರಾಯಶ್ಚಿತ್ತ ಒಂದೇ ಸಮ ಅರವತ್ತು ರೋಜಾ. ಮಸೀದಿಯ ಹಿರಿಯರಾದ ಮಸ್ತಾನಸಾಬರನ್ನು ಆಸೀಮ್ ಕೇಳಿ ಬಂದ. ಅವರು ತಿಳಿದವರು. ಹುಡುಗಿ ಬಡಕಲಾಗಿದ್ದರೆ ರೋಜಾ ಬೇಡ, ಅರವತ್ತು ಬಡವರಿಗೆ ಊಟ ಹಾಕಿದರೆ ಸಲ್ಲುತ್ತದೆ ಎಂದರಂತೆ. ಮಹೆಕ್ ಕೇಳಲಿಲ್ಲ. ನಾನೇ ಹಿಡಿಯುತ್ತೇನೆ ಎಂದು ಹಬ್ಬದ ಮೂರನೇ ದಿನದಿಂದ ಕೂತಳು. ಈ ಬಿಸಿಲಿನಲ್ಲಿ, ಅಷ್ಟು ಕಡಿಮೆ ರಕ್ತದಲ್ಲಿ. ಇವತ್ತಿಗೆ ಐವತ್ತೊಂದು. ಸೂಜಿಯಿಂದಾಗಿ ಮುಟ್ಟಿಲ್ಲವಲ್ಲ, ಅದಕ್ಕೇ ನಡುವೆ ಒಂದು ದಿನವೂ ತಪ್ಪಿಲ್ಲ. ನೀನು ಬರೆದ ಲಾಭ ಇದಕ್ಕೆ ಒದಗಿತು.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ನೀರಾದರೂ ಕುಡಿ ಎಂದು ಲೋಟ ಹಿಡಿದುಕೊಂಡು ಹೋದೆ.

"ಸೂಜಿ ನಾ ಬೇಕಂತ ತಗೊಂಡೆ, ಆಪಾ. ಅದಕ್ಕ ನನಗ ನಾಚಿಕಿಲ್ಲ. ರೋಜಾ ಬಿಡು ಅಂದವ್ರು ನೀವು. ಈಗ ನೀರು ಕುಡಿ ಅನ್ನವ್ರೂ ನೀವ. ನಿಮ್ಮ ಮಾತು ಇನ್ನ ಸಾಕು."

ಲೋಟ ವಾಪಸ್ ತಂದೆ.

ಊರಿನ ಲೆಕ್ಕ ನೀನು ಕೇಳಿದ್ದೆ. ಅಮ್ಮ ತನ್ನ ತಂಗಿಗೆ ಹೇಳಿದಳು, ಅವಳು ಓಣಿಗೆ. ಇಲ್ಲಿ ಸೂಜಿ ತೆಗೆದುಕೊಂಡರೆ ಲಿಂಗಸುಗೂರಿನ ಮೇಡಂ ಗಂಡನಿಗೆ ಫೋನ್ ಮಾಡುತ್ತಾಳೆ ಎಂದು ಈಗ ಎಲ್ಲರಿಗೂ ಗೊತ್ತು. ಬರುವ ನಾಲ್ವರು ಗಂಡನನ್ನು ಕೇಳಿಯೇ ಬರುವವರು. ಬಿಸಿಲು ಎಂದು ಬರೆಯಬೇಡ.

ಅರ್ಜುಮಂದ್


ಲಿಂಗಸುಗೂರು
5-6-2025

ಅರ್ಜುಮಂದ್,

ನಿನ್ನ ಕಾಗದ ಓದಿ ಎರಡು ದಿನ ಆಫೀಸಿಗೆ ಹೋಗಲಿಲ್ಲ. ಮೂರನೇ ದಿನ ಹೋದೆ.

ಫೋನ್ ಮಾಡಿದ್ದು ನನ್ನ ತಪ್ಪು. ಬರೀ ತಪ್ಪಲ್ಲ, ಮಾಡಬಾರದ್ದು. ಗುಟ್ಟು ಕಾಯುವುದನ್ನೇ ತರಬೇತಿಯಲ್ಲಿ ನಾನು ಬೇರೆಯವರಿಗೆ ಕಲಿಸುತ್ತೇನೆ. ನಂಬರುಗಳನ್ನು ನಾನು ತುಂಬಿದ್ದು ಮಾರ್ಚಿನಲ್ಲಿ ಅಲ್ಲ, ನವೆಂಬರಿನ ಮೀಟಿಂಗ್ ಆದ ವಾರವೇ. ಮಹೆಕ್ ಯಾರೆಂದು ಅಂದೇ ತಿಳಿದಿತ್ತು. ನಿನ್ನನ್ನು ಕೇಳಿದರೆ ಬೇಡ ಎನ್ನುತ್ತೀಯೆಂದು ಕೇಳಲಿಲ್ಲ.

ಆದರೆ ಒಂದು ಮಾತು. ಸಿಸ್ಟರ್ ಇರುವ ಮನೆಯಲ್ಲಿ ಸಿಸ್ಟರ್ ಬಾಯಿ ತೆರೆಯುವುದಿಲ್ಲ ಎಂದು ನಾನು ಹೇಗೆ ಊಹಿಸಲಿ? ಡಾಕ್ಟರ್ ಹೇಳಿದ ದಿನವೇ ನೀನು ನಿನ್ನಮ್ಮನ ಮುಂದೆ ಕೂತು ಮಾತಾಡಿದ್ದರೆ ಪರದೆ, ಪೆನ್ಸಿಲು ಯಾವುದೂ ಬೇಕಿರಲಿಲ್ಲ. ಸುಳ್ಳು ಹೇಳಿಕೊಟ್ಟವಳು ನೀನು, ಅದನ್ನು ಹೊತ್ತವಳು ಅವಳು. ನನ್ನ ತಪ್ಪಿನ ಪಕ್ಕದಲ್ಲಿ ಇದನ್ನೂ ಇಟ್ಟು ನೋಡು.

ಸೂಜಿಯ ದಿನ ದಾಟಿದರೂ ನಾಲ್ಕು ವಾರ ಅವಕಾಶವಿದೆ. ಜೂನ್ 19ರೊಳಗೆ ಹಾಕಬಹುದು. ನಾನೇ ಬರುತ್ತೇನೆ. ನಿನ್ನಮ್ಮನ ಕಾಲು ಹಿಡಿದು ತಪ್ಪು ಒಪ್ಪಿಕೊಳ್ಳುತ್ತೇನೆ, ಡಾಕ್ಟರನ್ನೂ ಕರೆತರುತ್ತೇನೆ. ಒಂದು ಸಾಲು ಬರೆ, ಸಾಕು.

ಇದನ್ನು ಕೇಳಲು ನಾಚಿಕೆಯಾಗುತ್ತದೆ, ಕೇಳದೆ ವಿಧಿಯಿಲ್ಲ. ಸೂಜಿ ನಿಲ್ಲಿಸಿದವರ ಎದುರು ಕಾರಣ ಹಾಕದಿದ್ದರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ. ಇರುವ ಕಾರಣಗಳು: ತೊಂದರೆಯಾಯಿತು, ಊರು ಬಿಟ್ಟರು, ಬೇರೆ ವಿಧಾನ, ಮಗು ಬೇಕು. ನಂಬರ್ 23ಕ್ಕೆ ಯಾವುದು?

ಭಾರತಿ


ಪಾಮನಕಲ್ಲೂರು
8-1-2026

ಭಾರತಿ,

ಜೂನಿನ ಕಾಗದಕ್ಕೆ ಈಗ ಉತ್ತರ. ನಿನ್ನನ್ನು ಬಾ ಎಂದು ಬರೆಯಲಾಗದ್ದಕ್ಕೆ ಕಾರಣವಿದೆ. ಸೂಜಿ ಯಾರು ಹಾಕಿದರು ಎಂದು ಅಮ್ಮ ಕೇಳಿದಾಗ, ನಾನು ರಜೆಯಲ್ಲಿದ್ದ ದಿನಗಳಲ್ಲಿ ಲಿಂಗಸುಗೂರಿನ ಮೇಡಂ ಬಂದು ಹಾಕಿದ್ದಾರೆ, ಮುಟ್ಟಿನ ಸುಳ್ಳನ್ನೂ ಅವರೇ ಹೇಳಿಕೊಟ್ಟಿರಬೇಕು ಎಂದಿದ್ದೆ. ಫೋನ್ ಮಾಡಿದವಳು ನೀನು, ತಿಂಗಳು ಸಮೇತ ಎಲ್ಲ ತಿಳಿದವಳು ನೀನು. ಆಸೀಮ್ ತಕ್ಷಣ ನಂಬಿದ. ಮಹೆಕ್ ಆಗಲೂ ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ನೀನು ಬಂದಿದ್ದರೆ ಐದು ನಿಮಿಷದಲ್ಲಿ ಎಲ್ಲ ಹೊರಬೀಳುತ್ತಿತ್ತು. ಜೂನ್ 19 ಹೀಗೆ ಹೋಯಿತು. ಈಗಲೂ ಬರಬೇಡ.

ಹೊಸ ವರ್ಷದ ದಿನ, ಕಳೆದ ಗುರುವಾರ, ಅಮ್ಮ ಮಹೆಕ್‌ಳನ್ನು ಕರೆದುಕೊಂಡು ಉಪಕೇಂದ್ರಕ್ಕೆ ಬಂದಳು. ಮೂರು ತಿಂಗಳು. ಲಸಿಕೆಗೆ ಬಂದ ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಅಮ್ಮ ಅವರಿಗೂ ಕೇಳಿಸುವಂತೆ ಹೇಳಿದಳು.

"ಹೊರಗಿನವರ ಮಾತು ಕೇಳಿ ಕೆಟ್ಟಿದ್ಳು. ಈಗ ಸುದ್ದಾಗ್ಯಾಳ. ಇನ್ನ ಮ್ಯಾಲೆ ನೀನ ನೋಡ್ಕೋಬೇಕವ್ವಾ, ನಿನ್ನ ಬಿಟ್ರ ನಮಗ್ಯಾರು ಹೇಳೋರು?"

ಆಗಲಿ ಎಂದೆ. ಹೆಸರು, ವಯಸ್ಸು, ನಾಲ್ಕನೇ ಬಸಿರು, ಹಿಂದೆ ಎರಡು ಆಪರೇಷನ್ ಎಂದೆಲ್ಲ ಬರೆದುಕೊಂಡೆ. ಕೆಂಪು ಶಾಯಿಯಲ್ಲಿ ಅಪಾಯ ಎಂದು ಬರೆದೆ. ರಕ್ತ ಪರೀಕ್ಷೆಗೆ ಹತ್ತಿ, ಸೂಜಿ ತೆಗೆದುಕೊಂಡು ಕೈ ಕೊಡು ಎಂದೆ. ಆಕೆ ಸೆರಗಿನೊಳಗಿಂದ ಕೈ ತೆಗೆಯಲಿಲ್ಲ.

"ನೀವು ಹಾಕಬ್ಯಾಡ್ರಿ ಆಪಾ. ಸೋಮವಾರ ಇನ್ನೊಬ್ರು ಸಿಸ್ಟರ್ ಬರ್ತಾರಲ್ಲ, ಅವರ ಕಡೆ ಕೊಡ್ತೀನಿ."

ಅಮ್ಮ ಬೈದಳು. ಬೆಂಚಿನ ಮೇಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಗಲಿ ಬಿಡಮ್ಮಾ, ಸೂಜಿಗೆ ಹೆದರ್ಯಾಳ ಎಂದು ನಾನೇ ಹೇಳಿದೆ. ಅದೂ ಸುಳ್ಳು.

ಒಬ್ಬರೇ ಡಾಕ್ಟರ್ ನಂಬಿ ಕೂರಬೇಡಿ, ಸಿಂಧನೂರಿನಲ್ಲಿ ಈಗಲೇ ತೋರಿಸೋಣ ಎಂದು ಆಸೀಮನಿಗೆ ಹೇಳಿದ್ದೇನೆ. ತಾಯಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದಾನೆ.

ನಿನ್ನ ಕಂಪ್ಯೂಟರಿಗೆ "ಮಗು ಬೇಕು" ಎಂದು ಹಾಕಿಕೋ. ಯಾರಿಗೆ ಬೇಕು ಎಂದು ಅದು ಕೇಳುವುದಿಲ್ಲ.

ಸೋಮವಾರ ನಾನು ತಾಂಡಾಕ್ಕೆ ಹೋದ ಹೊತ್ತು ನೋಡಿ ಮಹೆಕ್ ಬಂದು ರಕ್ತ ಕೊಟ್ಟು ಹೋಗಿದ್ದಾಳೆ. ಹಿಮೋಗ್ಲೋಬಿನ್ 6.8, ಬಸುರಿಗೆ ಹನ್ನೊಂದಾದರೂ ಇರಬೇಕು. ಒಂದೇ ಒಲೆಯ ಊಟ ನಮ್ಮದು. ಮೂರು ದಿನ ಆಕೆ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಆ ಅಂಕಿಯನ್ನು ನಾನು ಇವತ್ತು ರಿಜಿಸ್ಟರಿನಲ್ಲಿ ಓದಿ ತಿಳಿದುಕೊಂಡೆ.

ಅರ್ಜುಮಂದ್